ಎರಡು ದೇಶ, ಒಂದೇ ಬಂದರು: ಹಡಗು ದಾಟಿದಷ್ಟು ಸುಲಭವಾಗಿ ಕರೆಂಟ್ ಯಾಕೆ ಗಡಿ ದಾಟುತ್ತಿಲ್ಲ?

ಗೆಂಟ್ ಇರುವುದು ಬೆಲ್ಜಿಯಂನಲ್ಲಿ. ಆದರೆ ಗೆಂಟ್ ಬಂದರಿನಿಂದ ಹೊರಟ ದೊಡ್ಡ ಹಡಗು ಸಮುದ್ರ ಸೇರಬೇಕಾದರೆ ಪಕ್ಕದ ನೆದರ್ಲೆಂಡ್ಸ್ ದಾಟಲೇಬೇಕು. ಊರಿನಿಂದ ಉತ್ತರಕ್ಕೆ ಸುಮಾರು 32 ಕಿಲೋಮೀಟರ್ ಉದ್ದದ ಕಾಲುವೆ ಇದೆ. ಅದರ ಅರ್ಧ ದಾರಿಯ ಆಸುಪಾಸಿನಲ್ಲಿ ಝೆಲ್ಜಾಟೆ ಅನ್ನುವ ಪುಟ್ಟ ಊರು ಬರುತ್ತದೆ. ಅದನ್ನು ದಾಟಿದರೆ ಗಡಿ. ಅಲ್ಲಿಂದ ಟರ್ನ್ಯೂಜನ್‌ವರೆಗೆ ಹೋಗಿ, ಲಾಕ್ ಅನ್ನುವ ನೀರಿನ ಬಾಗಿಲು ದಾಟಿ, ಸ್ಕೆಲ್ಡ್ ನದಿಯ ಅಗಲವಾದ ಅಳಿವೆಗೆ ಇಳಿದು, ಫ್ಲಿಸಿಂಗನ್ ಪಕ್ಕದಲ್ಲಿ ಹಾದರೆ ಉತ್ತರ ಸಮುದ್ರ. ಫ್ಲಿಸಿಂಗನ್‌ನಿಂದ ಗೆಂಟ್‌ವರೆಗಿನ ಸುಮಾರು 60 ಕಿಲೋಮೀಟರಿನ ಈ ಪಟ್ಟಿ ಪೂರ್ತಿ ಈಗ ಒಂದೇ ಬಂದರು. ಹೆಸರು ನಾರ್ತ್ ಸೀ ಪೋರ್ಟ್.

ಎರಡು ದೇಶದ ಬಂದರುಗಳು ಒಂದೇ ಕಂಪನಿಯಾಗುವುದು ತೀರಾ ಅಪರೂಪ. 2018ರಲ್ಲಿ ಅದು ಇಲ್ಲಿ ಆಯಿತು. ಡಚ್ ಕಡೆಯ ಝೀಲ್ಯಾಂಡ್ ಸೀಪೋರ್ಟ್ಸ್ ಮತ್ತು ಬೆಲ್ಜಿಯಂ ಕಡೆಯ ಗೆಂಟ್ ಬಂದರು ಕಂಪನಿ ಒಂದಾದವು. ಪಾಲು ಸರಿಸಮ, 50-50. ಒಂದು ಕಡೆ ಝೀಲ್ಯಾಂಡ್ ಪ್ರಾಂತ್ಯ ಮತ್ತು ಟರ್ನ್ಯೂಜನ್, ಫ್ಲಿಸಿಂಗನ್, ಬೋರ್ಸೆಲೆ ಎಂಬ ಮೂರು ಸ್ಥಳೀಯ ಆಡಳಿತಗಳು. ಇನ್ನೊಂದು ಕಡೆ ಬಹುಪಾಲು ಗೆಂಟ್ ನಗರದ್ದು, ಉಳಿದದ್ದು ಪೂರ್ವ ಫ್ಲಾಂಡರ್ಸ್ ಪ್ರಾಂತ್ಯ, ಎವರ್ಗೆಮ್ ಮತ್ತು ಝೆಲ್ಜಾಟೆಯದ್ದು. ಅಂದರೆ ಇದರ ಮಾಲೀಕರು ಊರುಗಳು ಮತ್ತು ಪ್ರಾಂತ್ಯಗಳು. ಲಾಭ ಬಂದರೆ ಅದು ಊರಿನ ಖಜಾನೆಗೆ ಬರುತ್ತದೆ, ನಷ್ಟವಾದರೂ ಊರೇ ಹೊರಬೇಕು. ಈ ವಿಷಯ ನೆನಪಿನಲ್ಲಿರಲಿ, ಮುಂದೆ ಬೇಕಾಗುತ್ತದೆ.

ಒಂದಾಗಿದ್ದಕ್ಕೆ ಕಾರಣ ಸರಳ. ಉತ್ತರಕ್ಕೆ ರಾಟರ್ಡ್ಯಾಮ್, ಪೂರ್ವಕ್ಕೆ ಆಂಟ್‌ವರ್ಪ್. ಎರಡೂ ದೈತ್ಯರು. ನಡುವೆ ಸಿಕ್ಕಿಕೊಂಡ ಎರಡು ಮಧ್ಯಮ ಬಂದರುಗಳು ಒಂದೇ ಕಾಲುವೆಯ ಎರಡು ತುದಿಯಲ್ಲಿ ಕೂತು ಒಬ್ಬರ ಗಿರಾಕಿಯನ್ನು ಇನ್ನೊಬ್ಬರು ಎಳೆದುಕೊಳ್ಳುವುದರಲ್ಲಿ ಅರ್ಥ ಇರಲಿಲ್ಲ. ಈಗ ಒಟ್ಟು ಸೇರಿ ವರ್ಷಕ್ಕೆ ಸಮುದ್ರದ ಮೂಲಕ ಸುಮಾರು 6.5 ಕೋಟಿಯಿಂದ 7 ಕೋಟಿ ಟನ್ ಸರಕು ಸಾಗಿಸುತ್ತವೆ. ನಮ್ಮ ಪಣಂಬೂರಿನ ನವಮಂಗಳೂರು ಬಂದರು ಇತ್ತೀಚಿನ ವರ್ಷಗಳಲ್ಲಿ ಸಾಗಿಸುವುದು ಸುಮಾರು 4.5 ಕೋಟಿ ಟನ್. ಹೋಲಿಕೆಗೆ ಇಷ್ಟು ಸಾಕು.

ನನ್ನ ವಾದ ಇಷ್ಟೇ: ಇವರು ಕಂಪನಿಯನ್ನು ಒಂದು ಮಾಡಿದರು, ಹಡಗಿನ ದಾರಿಯನ್ನೂ ಒಂದು ಮಾಡಿದರು. ಆದರೆ ಈ ಪಟ್ಟಿಯಲ್ಲಿರುವ ಕಾರ್ಖಾನೆಗಳು ಮುಂದಿನ 20 ವರ್ಷ ಉಳಿಯಬೇಕೋ ಬೇಡವೋ ಅನ್ನುವುದನ್ನು ತೀರ್ಮಾನಿಸುವ ಸಂಗತಿಗಳು ಬೇರೆ. ವಿದ್ಯುತ್, ಹೈಡ್ರೋಜನ್, ಇಂಗಾಲದ ತೆರಿಗೆ, ಸಿಹಿನೀರು, ಇವೆಲ್ಲ ಇನ್ನೂ ಗಡಿಯ ಆಚೆಗೊಂದು ಈಚೆಗೊಂದು ಲೆಕ್ಕದಲ್ಲೇ ಇವೆ.

ಮೊದಲು ಹಡಗಿನ ದಾರಿ ನೋಡೋಣ, ಯಾಕೆಂದರೆ ಅದು ಸುಲಭಕ್ಕೆ ಆದದ್ದಲ್ಲ. ಈ ಕಾಲುವೆ ತೋಡಿಸಿದ್ದು 1823ರಿಂದ 1827ರ ನಡುವೆ, ರಾಜ ಒಂದನೇ ವಿಲಿಯಂ ಕಾಲದಲ್ಲಿ. ಆಗ ಎರಡೂ ಕಡೆ ಒಂದೇ ರಾಜ್ಯ. ಗಡಿಯೇ ಇರಲಿಲ್ಲ. ಮೂರೇ ವರ್ಷ ಕಳೆದು 1830ರಲ್ಲಿ ಬೆಲ್ಜಿಯಂ ಬೇರೆಯಾಯಿತು. ಕಾಲುವೆಯ ಬಾಯಿ ಡಚ್ಚರ ಕೈಯಲ್ಲಿ, ಬಂದರು ಬೆಲ್ಜಿಯಂ ಕೈಯಲ್ಲಿ. ಗೆಂಟ್‌ಗೆ ಸಮುದ್ರದ ಬಾಗಿಲು ವರ್ಷಗಟ್ಟಲೆ ಮುಚ್ಚಿಹೋಯಿತು. ಪಕ್ಕದ ಆಂಟ್‌ವರ್ಪ್ ಕಥೆಯೂ ಅದೇ. ಸ್ಕೆಲ್ಡ್ ನದಿಯಲ್ಲಿ ಹೋಗುವ ಹಡಗಿಗೆ ಡಚ್ಚರು ಹಾಕುತ್ತಿದ್ದ ಸುಂಕವನ್ನು ಬೆಲ್ಜಿಯಂ 1863ರಲ್ಲಿ ದುಡ್ಡು ಕೊಟ್ಟು ತೆಗೆಸಿಕೊಂಡಿತು. ನೀರಿನ ಬಾಯಿ ಇನ್ನೊಬ್ಬರ ಕೈಯಲ್ಲಿದ್ದರೆ ಏನಾಗುತ್ತದೆ ಅನ್ನುವುದನ್ನು ಈ ಜನ ತಲೆಮಾರುಗಳಿಂದ ನೋಡಿದ್ದಾರೆ.

ಹಡಗುಗಳು ದೊಡ್ಡದಾಗುತ್ತಾ ಹೋದ ಹಾಗೆ ಟರ್ನ್ಯೂಜನ್‌ನ ಲಾಕ್ ಕೂಡ ದೊಡ್ಡದಾಗುತ್ತಾ ಬಂತು. ಲಾಕ್ ಅಂದರೆ ಗೊತ್ತಲ್ಲ, ಪನಾಮಾದಲ್ಲಿ ಇರುವಂಥದ್ದೇ. ಎರಡು ಕಡೆ ಬಾಗಿಲು, ನಡುವೆ ನೀರಿನ ಕೋಣೆ, ಹಡಗು ಒಳಗೆ ಬಂದ ಮೇಲೆ ನೀರಿನ ಮಟ್ಟ ಏರಿಸಿ ಅಥವಾ ಇಳಿಸಿ ಆಚೆ ಕಳಿಸುವುದು. 1968ರ ಲಾಕ್ ಸುಮಾರು 40 ಮೀಟರ್ ಅಗಲ ಇತ್ತು. ಕೊನೆಗೆ ಎರಡೂ ಸರ್ಕಾರಗಳು 2015ರಲ್ಲಿ ಒಪ್ಪಂದಕ್ಕೆ ಬಂದವು, 2017ರಲ್ಲಿ ಕೆಲಸ ಶುರುವಾಯಿತು. 2024ರ ಅಕ್ಟೋಬರ್ 11ರಂದು ಎರಡು ದೇಶದ ಎರಡು ರಾಜರು, ವಿಲ್ಲೆಮ್ ಅಲೆಕ್ಸಾಂಡರ್ ಮತ್ತು ಫಿಲಿಪ್, ಒಟ್ಟಿಗೆ ಬಂದು ಹೊಸ ಲಾಕ್ ಉದ್ಘಾಟಿಸಿದರು. 427 ಮೀಟರ್ ಉದ್ದ, 55 ಮೀಟರ್ ಅಗಲ, 16 ಮೀಟರಿಗೂ ಜಾಸ್ತಿ ಆಳ. ಉದ್ದ ಅಗಲದಲ್ಲಿ ಪನಾಮಾದ ಹೊಸ ಲಾಕ್‌ಗಳಷ್ಟೇ. ಖರ್ಚು 100 ಕೋಟಿ ಯೂರೋ ದಾಟಿತು. ಲಾಕ್ ಇರುವುದು ಡಚ್ ನೆಲದಲ್ಲಿ, ಆದರೆ ದುಡ್ಡಿನ ದೊಡ್ಡ ಪಾಲು ಕೊಟ್ಟಿದ್ದು ಬೆಲ್ಜಿಯಂನ ಫ್ಲಾಂಡರ್ಸ್ ಸರ್ಕಾರ, ಯಾಕೆಂದರೆ ಬಾಗಿಲು ದೊಡ್ಡದಾದರೆ ಜಾಸ್ತಿ ಅನುಕೂಲ ಆಗುವುದು ಗೆಂಟ್‌ಗೆ. ಪಕ್ಕದವರ ನೆಲದಲ್ಲಿ ನಮ್ಮ ತೆರಿಗೆ ದುಡ್ಡು ಸುರಿಯಲು ನಾವು ಒಪ್ಪುತ್ತೇವಾ? ಇವರು ಒಪ್ಪಿದರು. ಇದು ಸಣ್ಣ ಸಾಧನೆ ಅಲ್ಲ, ನನಗೆ ಇದರ ಬಗ್ಗೆ ನಿಜವಾಗಿಯೂ ಗೌರವ ಇದೆ.

ಇಲ್ಲೂ ಒಂದು ಗಂಟು ಉಳಿದಿದೆ. ಬಾಗಿಲು ದೊಡ್ಡದಾಯಿತು, ಒಳಗಿನ ಕಾಲುವೆ ಅಷ್ಟು ಆಳ ಇಲ್ಲ. ಝೆಲ್ಜಾಟೆಯಲ್ಲಿ ಕಾಲುವೆಯ ಅಡಿಯಲ್ಲಿ ಹೆದ್ದಾರಿಯ ಸುರಂಗ ಇದೆ. ಸುರಂಗದ ಚಾವಣಿ ಎಲ್ಲಿದೆಯೋ ಅದಕ್ಕಿಂತ ಆಳಕ್ಕೆ ಕಾಲುವೆ ತೋಡುವ ಹಾಗಿಲ್ಲ. ಹಾಗಾಗಿ ಅದಿರು ತುಂಬಿದ ಭಾರೀ ಹಡಗುಗಳು ಮೊದಲು ಅಳಿವೆಯಲ್ಲೇ ಒಂದಷ್ಟು ಸರಕನ್ನು ಸಣ್ಣ ದೋಣಿಗಳಿಗೆ ಇಳಿಸಿ, ಹಗುರವಾಗಿ ಆಮೇಲೆ ಒಳಗೆ ಬರಬೇಕಾಗುತ್ತದೆ.

ಸರಿ, ಒಳಗೆ ಬಂದ ಸರಕು ಎಲ್ಲಿಗೆ ಹೋಗುತ್ತದೆ? ಈ ಬಂದರಿನ ವಿಶೇಷ ಇರುವುದೇ ಇಲ್ಲಿ. ರಾಟರ್ಡ್ಯಾಮ್‌ನಲ್ಲಿ ಹೆಚ್ಚಿನ ಸರಕು ಇಳಿದು ಯುರೋಪಿನ ಮೂಲೆ ಮೂಲೆಗೆ ಹೊರಟುಹೋಗುತ್ತದೆ. ಇಲ್ಲಿ ಬಂದದ್ದರಲ್ಲಿ ಬಹಳಷ್ಟು ಕಾಲುವೆ ದಂಡೆಯಲ್ಲೇ ಕರಗಿ, ಬೆಂದು, ಬೇರೆ ವಸ್ತುವಾಗಿ ಹೊರಬರುತ್ತದೆ. ಗೆಂಟ್ ಕಡೆ ಆರ್ಸೆಲರ್ ಮಿತ್ತಲ್ ಉಕ್ಕಿನ ಕಾರ್ಖಾನೆ. 1960ರ ದಶಕದಲ್ಲಿ ಸಿಡ್ಮಾರ್ ಹೆಸರಿನಲ್ಲಿ ಶುರುವಾಗಿ, 2006ರಲ್ಲಿ ಲಕ್ಷ್ಮಿ ಮಿತ್ತಲ್ ಅವರ ಕಂಪನಿ ಆರ್ಸೆಲರನ್ನು ಕೊಂಡಾಗ ಅವರ ಕೈಗೆ ಬಂತು. ವರ್ಷಕ್ಕೆ ಸುಮಾರು 50 ಲಕ್ಷ ಟನ್ ಉಕ್ಕು ಮಾಡುವ ಶಕ್ತಿ ಇದೆ, ಸುಮಾರು 5,000 ಜನರಿಗೆ ನೇರ ಕೆಲಸ. ಅದೇ ಊರಿನಲ್ಲಿ ವೋಲ್ವೋ ಕಾರಿನ ಕಾರ್ಖಾನೆ, ಪಕ್ಕದಲ್ಲೇ ವೋಲ್ವೋ ಟ್ರಕ್ಕಿನ ಕಾರ್ಖಾನೆ. ನಮ್ಮ ಹೊಸಕೋಟೆಯಲ್ಲಿ ಟ್ರಕ್ ಮಾಡುವ ವೋಲ್ವೋ ಬಳಗದ್ದೇ ಅದು. ಗಡಿ ದಾಟಿದರೆ ಸ್ಲೌಸ್ಕಿಲ್‌ನಲ್ಲಿ ಯಾರಾ ಕಂಪನಿಯ ಅಮೋನಿಯಾ ಮತ್ತು ಗೊಬ್ಬರದ ಕಾರ್ಖಾನೆ, ಯುರೋಪಿನಲ್ಲೇ ಅತಿ ದೊಡ್ಡವುಗಳಲ್ಲಿ ಒಂದು. ಟರ್ನ್ಯೂಜನ್‌ನಲ್ಲಿ ಡೌ ಕೆಮಿಕಲ್. ಅಳಿವೆಯ ಆಚೆ ದಡದಲ್ಲಿ ತೈಲ ಸಂಸ್ಕರಣಾಗಾರ, 1973ರಿಂದ ನಡೆಯುತ್ತಿರುವ ಬೋರ್ಸೆಲೆ ಅಣು ವಿದ್ಯುತ್ ಸ್ಥಾವರ, ಅದರಾಚೆ ಸಮುದ್ರದಲ್ಲಿ ಗಾಳಿಯಂತ್ರಗಳು.

ಉಕ್ಕು, ಗೊಬ್ಬರ, ಪ್ಲಾಸ್ಟಿಕ್, ಎಣ್ಣೆ. ನಾಲ್ಕೂ ಇಲ್ಲಿ ಈಗ ನಿಂತಿರುವುದು ಕಲ್ಲಿದ್ದಲು, ಗ್ಯಾಸ್, ಕಚ್ಚಾ ತೈಲ ಅಥವಾ ಅದರಿಂದ ಬರುವ ನಾಫ್ತಾದ ಮೇಲೆ. ನಾಲ್ಕೂ ವಿಪರೀತ ಹೊಗೆ ಬಿಡುತ್ತವೆ. ಇವು ಇಂಗಾಲ ಕಡಿಮೆ ಮಾಡಬೇಕಾದರೆ ಇರುವ ದಾರಿ ಮೂರು: ಕರೆಂಟಿಗೆ ಬದಲಾಗುವುದು, ಹೈಡ್ರೋಜನ್ ಬಳಸುವುದು, ಅಥವಾ ಹೊಗೆಯಲ್ಲಿನ ಇಂಗಾಲದ ಡೈಆಕ್ಸೈಡ್ ಹಿಡಿದು ನೆಲದಡಿ ಹೂಳುವುದು. ಮೂರಕ್ಕೂ ತಂತಿ ಬೇಕು, ಪೈಪು ಬೇಕು. ಕಾರ್ಖಾನೆಗಳು ಒಂದರ ಪಕ್ಕ ಒಂದು ಇರುವುದರಿಂದ ಒಟ್ಟಿಗೆ ಹಾಕಿದರೆ ಖರ್ಚು ಹಂಚಿಕೊಳ್ಳಬಹುದು. ಕಾಗದದ ಮೇಲೆ ಇದಕ್ಕಿಂತ ಒಳ್ಳೆಯ ಜಾಗ ಸಿಗುವುದು ಕಷ್ಟ.

ಒಂದು ಉದಾಹರಣೆ ಹೇಳುತ್ತೇನೆ, ನನಗೆ ತುಂಬಾ ಇಷ್ಟವಾದದ್ದು. ಡೌ ಕಾರ್ಖಾನೆಯಲ್ಲಿ ನಾಫ್ತಾ ಒಡೆಯುವಾಗ ಹೈಡ್ರೋಜನ್ ಉಪ ಉತ್ಪನ್ನವಾಗಿ ಬರುತ್ತದೆ. ಯಾರಾಗೆ ಅಮೋನಿಯಾ ಮಾಡಲು ಬೇಕಾಗುವುದೇ ಹೈಡ್ರೋಜನ್. ಇಬ್ಬರ ನಡುವೆ 12 ಕಿಲೋಮೀಟರ್ ಹಳೆಯ ನೈಸರ್ಗಿಕ ಅನಿಲದ ಪೈಪು ಸುಮ್ನೆ ಬಿದ್ದಿತ್ತು. ಡಚ್ ಸರ್ಕಾರಿ ಅನಿಲ ಕಂಪನಿ ಗಾಸ್ಯೂನಿ ಅದನ್ನು ಸರಿಮಾಡಿ 2018ರ ಕೊನೆಗೆ ಹೈಡ್ರೋಜನ್ ಹರಿಸಲು ಶುರು ಮಾಡಿತು. ಒಬ್ಬರಿಗೆ ಉಳಿದದ್ದು ಇನ್ನೊಬ್ಬರಿಗೆ ಕಚ್ಚಾ ವಸ್ತು. ಇದಕ್ಕಿಂತ ಚೆಂದದ ನೆರೆಹೊರೆ ಇರುತ್ತಾ?

ಆ ಪೈಪಿನ ಎರಡೂ ತುದಿ ನೆದರ್ಲೆಂಡ್ಸ್‌ನಲ್ಲಿವೆ. ಕೆಲವೇ ಕಿಲೋಮೀಟರ್ ದಕ್ಷಿಣಕ್ಕೆ ಇರುವ ಉಕ್ಕಿನ ಕಾರ್ಖಾನೆಯವರೆಗೂ ಅದನ್ನು ಎಳೆಯಬೇಕು ಅಂದುಕೊಳ್ಳಿ. ಆಗ ಗಡಿಯ ಈಚೆ ಗಾಸ್ಯೂನಿಯ ಅಂಗಸಂಸ್ಥೆ, ಆಚೆ ಬೆಲ್ಜಿಯಂನ ಅನಿಲ ಜಾಲದ ಕಂಪನಿ ಫ್ಲಕ್ಸಿಸ್. ಎರಡು ಕಾನೂನು, ಎರಡು ದರ ಪಟ್ಟಿ, ಎರಡು ವೇಳಾಪಟ್ಟಿ, ಯಾವ ತುಂಡನ್ನು ಮೊದಲು ಹಾಕಬೇಕು ಅನ್ನುವುದರಲ್ಲಿ ಎರಡು ಸರ್ಕಾರಗಳ ಎರಡು ಆದ್ಯತೆ. ಡಚ್ ಸರ್ಕಾರ ಇರುವ ಹೇಗ್‌ನಲ್ಲಿ ಕೂತವರಿಗೆ ರಾಟರ್ಡ್ಯಾಮ್ ಮೊದಲು ಕಾಣುತ್ತದೆ. ಬ್ರಸೆಲ್ಸ್‌ನಲ್ಲಿ ಕೂತವರಿಗೆ ಆಂಟ್‌ವರ್ಪ್ ಮೊದಲು ಕಾಣುತ್ತದೆ. ಗಡಿಯ ಪಟ್ಟಿ ಇಬ್ಬರಿಗೂ ನಕ್ಷೆಯ ಅಂಚು.

ವಿದ್ಯುತ್ತಿನ ಕಥೆ ಇನ್ನೂ ಬಿಗಿ. ಟರ್ನ್ಯೂಜನ್, ಸ್ಲೌಸ್ಕಿಲ್ ಇರುವ ಭಾಗಕ್ಕೆ ಝೀಲ್ಯಾಂಡ್ ಫ್ಲಾಂಡರ್ಸ್ ಅನ್ನುತ್ತಾರೆ. ಅಳಿವೆಯ ದಕ್ಷಿಣಕ್ಕೆ, ಉಳಿದ ನೆದರ್ಲೆಂಡ್ಸ್‌ನಿಂದ ನೀರು ಬೇರ್ಪಡಿಸಿದ ನೆಲ. 2003ರಲ್ಲಿ 6.6 ಕಿಲೋಮೀಟರ್ ಸುರಂಗ ಆಗುವವರೆಗೂ ಅಲ್ಲಿನ ಜನ ಕಾರು ತೆಗೆದುಕೊಂಡು ತಮ್ಮದೇ ಪ್ರಾಂತ್ಯದ ರಾಜಧಾನಿಗೆ ಹೋಗಲು ದೋಣಿ ಹತ್ತಬೇಕಿತ್ತು, ಇಲ್ಲವೇ ಬೆಲ್ಜಿಯಂ ಸುತ್ತಿ ಬರಬೇಕಿತ್ತು. ವಿದ್ಯುತ್ತಿಗೆ ಆ ಸುರಂಗ ಇನ್ನೂ ಬಂದಿಲ್ಲ ಅನ್ನಬಹುದು. ದೇಶದ 380 ಕಿಲೋವೋಲ್ಟ್ ಜಾಲ ಅಳಿವೆಯ ಉತ್ತರ ದಡದ ಬೋರ್ಸೆಲೆವರೆಗೆ ಬಂದು ನಿಂತಿದೆ. ದಕ್ಷಿಣ ದಡಕ್ಕೆ ಇರುವುದು 150 ಕಿಲೋವೋಲ್ಟ್. ಜಾಲ ನಡೆಸುವ ಟೆನ್ನೆಟ್ ಕಂಪನಿ ಅಳಿವೆಯ ಕೆಳಗೆ 380 ಕಿಲೋವೋಲ್ಟ್ ಮಾರ್ಗ ಎಳೆಯುವ ಯೋಜನೆ ಹಾಕಿದೆ, ಆದರೆ ಅಂಥ ಕೆಲಸ ವರ್ಷಗಟ್ಟಲೆ ಹಿಡಿಯುತ್ತದೆ. ಎರಡು ದೇಶದ ವಿದ್ಯುತ್ ಜಾಲಗಳು ಬೇರೆ ಕಡೆ ಒಂದಕ್ಕೊಂದು ಸೇರಿವೆ, ಅದು ನಿಜ. ಆದರೆ ಕಾಲುವೆ ದಂಡೆಯ ಕಾರ್ಖಾನೆಗಳಿಗೆ ಅದರಿಂದ ನೇರ ಉಪಯೋಗ ಇಲ್ಲ. ಒಂದು ಕಡೆ ಗ್ಯಾಸಿನಲ್ಲಿ ಉರಿಯುವ ಕುಲುಮೆ ಬಿಟ್ಟು ಕರೆಂಟಿಗೆ ಬದಲಾಗಿ ಅಂತ ಹೇಳುವುದು, ಇನ್ನೊಂದು ಕಡೆ ಆ ಕರೆಂಟು ಬರುವ ತಂತಿಯೇ ಇಲ್ಲದಿರುವುದು. ಹೀಗಿದ್ದರೆ ಯಾವ ಕಂಪನಿಯ ಆಡಳಿತ ಮಂಡಳಿ ಕೋಟಿಗಟ್ಟಲೆ ಹೂಡುತ್ತದೆ?

ದರದ ವಿಷಯವೂ ಇದೆ. ನೆದರ್ಲೆಂಡ್ಸ್‌ನಲ್ಲಿ ದೊಡ್ಡ ವಿದ್ಯುತ್ ಬಳಕೆದಾರರಿಗೆ ಇದ್ದ ಗ್ರಿಡ್ ಶುಲ್ಕದ ರಿಯಾಯಿತಿ 2024ರಿಂದ ಇಲ್ಲ. ಕೈಗಾರಿಕೆಯ ಇಂಗಾಲಕ್ಕೆ ಯುರೋಪಿಯನ್ ಒಕ್ಕೂಟದ ವ್ಯವಸ್ಥೆಯಲ್ಲಿ ತೆರಬೇಕಾದ ಬೆಲೆಯ ಜೊತೆಗೆ ತನ್ನದೇ ಸುಂಕವನ್ನೂ ಅದು 2021ರಲ್ಲಿ ತಂದಿತು. ಬೆಲ್ಜಿಯಂ ಅಂಥದ್ದು ತರಲಿಲ್ಲ. ಸಾರಜನಕ ಮಾಲಿನ್ಯದ ಪರವಾನಗಿಗೂ ಎರಡು ಕಡೆ ಎರಡು ನಿಯಮ, ಎರಡು ಕಡೆಯೂ ಕೋರ್ಟು ತೀರ್ಪುಗಳು ಬಂದು ನಿಯಮಗಳೇ ತಲೆಕೆಳಗಾದವು. ಹಾಗಾಗಿ ಒಂದೇ ಬಂದರಿನೊಳಗೆ ಕಾರ್ಖಾನೆ ಎಲ್ಲಿ ಕಟ್ಟಿದರೆ ಅಗ್ಗ ಅನ್ನುವ ಲೆಕ್ಕ ಶುರುವಾಗುತ್ತದೆ. ಒಂದಾಗಿದ್ದು ಈ ಪೈಪೋಟಿ ತಪ್ಪಿಸಲು ತಾನೆ?

ಕಾರ್ಮಿಕರ ವಿಷಯ ಚಿಕ್ಕದಾಗಿ ಹೇಳಿಬಿಡುತ್ತೇನೆ. ಬೆಲ್ಜಿಯಂನ 1972ರ ಕಾನೂನಿನ ಪ್ರಕಾರ ಹಡಗಿನ ಸರಕು ಏರಿಸಿ ಇಳಿಸುವ ಕೆಲಸ ಮಾನ್ಯತೆ ಪಡೆದ ಬಂದರು ಕಾರ್ಮಿಕರದ್ದೇ. ಡಚ್ ಕಡೆ ಆ ಕಾನೂನು ಇಲ್ಲ. ಮಾನ್ಯತೆಯ ಪದ್ಧತಿ ಕಾರ್ಮಿಕರಿಗೆ ಕೊಟ್ಟಿರುವ ಭದ್ರತೆ ದೊಡ್ಡದು, ಅದನ್ನು ಸುಮ್ಮನೆ ಕಿತ್ತುಹಾಕಿ ಅನ್ನುವವರ ಜೊತೆ ನಾನಿಲ್ಲ. ಆದರೆ ಒಂದೇ ಕಂಪನಿಯ ಎರಡು ಧಕ್ಕೆಗಳಲ್ಲಿ ಒಂದೇ ಸರಕಿಗೆ ಎರಡು ನಿಯಮ ಇರುವುದು ವಾಸ್ತವ.

ಇನ್ನು ನೀರು. ಕಾವೇರಿ ನೀರಿನ ಕ್ಯೂಸೆಕ್ ಲೆಕ್ಕ ಕೇಳಿಕೊಂಡೇ ಬೆಳೆದ ನಮಗೆ ಇದು ಬೇಗ ಅರ್ಥವಾಗುತ್ತದೆ. ಲಾಕಿನ ಬಾಗಿಲು ತೆರೆದಾಗಲೆಲ್ಲ ಅಳಿವೆಯ ಉಪ್ಪುನೀರು ಕಾಲುವೆಗೆ ನುಗ್ಗುತ್ತದೆ. ಅದನ್ನು ಹಿಂದಕ್ಕೆ ತಳ್ಳಲು ಮೇಲಿನಿಂದ ಸಿಹಿನೀರು ಬರುತ್ತಲೇ ಇರಬೇಕು. 1960ರ ಒಪ್ಪಂದದ ಪ್ರಕಾರ ಬೆಲ್ಜಿಯಂ ಸೆಕೆಂಡಿಗೆ ಸರಾಸರಿ 13 ಘನ ಮೀಟರ್ ನೀರು ಕಾಲುವೆಗೆ ಬಿಡಬೇಕು, ನಮ್ಮ ಲೆಕ್ಕದಲ್ಲಿ ಸುಮಾರು 460 ಕ್ಯೂಸೆಕ್. ಬೇಸಿಗೆಯಲ್ಲಿ ಮಳೆ ಕೈಕೊಟ್ಟರೆ ಅಷ್ಟು ನೀರು ಗೆಂಟ್ ಬಳಿಯೇ ಇರುವುದಿಲ್ಲ. ಬಾಗಿಲು ದೊಡ್ಡದಾದಷ್ಟೂ ಒಳಗೆ ಬರುವ ಉಪ್ಪೂ ಜಾಸ್ತಿ. ಹೈಡ್ರೋಜನ್ ಮಾಡಲು ಶುದ್ಧ ನೀರು ಬೇಕು, ಯಂತ್ರ ತಂಪು ಮಾಡಲು ನೀರು ಬೇಕು, ಸುತ್ತಲಿನ ಹೊಲಗಳಿಗೂ ಬೇಕು. 1960ರಲ್ಲಿ ಬರೆದ ಅಂಕಿ 2030ರ ಕೈಗಾರಿಕೆಗೆ ಸಾಕಾಗುತ್ತದಾ ಅನ್ನುವ ಪ್ರಶ್ನೆಯನ್ನು ಬರಗಾಲ ಬಂದಾಗ ಕೇಳುವುದಕ್ಕಿಂತ ಈಗಲೇ ಕೂತು ಕೇಳಿಕೊಳ್ಳುವುದು ಒಳ್ಳೆಯದು ಅಲ್ವಾ?

ಹೊಗೆಯ ಇಂಗಾಲ ಹೂಳುವ ದಾರಿ ಸ್ವಲ್ಪ ಮುಂದೆ ಹೋಗಿದೆ. ಯಾರಾ ಕಂಪನಿ ಸ್ಲೌಸ್ಕಿಲ್‌ನಿಂದ ವರ್ಷಕ್ಕೆ 8 ಲಕ್ಷ ಟನ್ ಇಂಗಾಲದ ಡೈಆಕ್ಸೈಡನ್ನು ಹಡಗಿನಲ್ಲಿ ನಾರ್ವೆಗೆ ಸಾಗಿಸಿ ಸಮುದ್ರದಡಿ ಹೂಳಲು 2023ರಲ್ಲಿ ಒಪ್ಪಂದ ಮಾಡಿಕೊಂಡಿತು. ಆದರೆ ಇಂಗಾಲವನ್ನು ಸಮುದ್ರದಡಿ ಹೂಳಲು ಬೇರೆ ದೇಶಕ್ಕೆ ಕಳಿಸಬೇಕಾದರೆ ಸರ್ಕಾರ ಸರ್ಕಾರಗಳ ನಡುವೆ ಒಪ್ಪಂದ ಬೇಕು. 2024ರ ಏಪ್ರಿಲ್‌ನಲ್ಲಿ ನಾರ್ವೆ ಜೊತೆ ನೆದರ್ಲೆಂಡ್ಸ್ ಒಂದು ಒಪ್ಪಂದ ಮಾಡಿಕೊಂಡಿತು, ಬೆಲ್ಜಿಯಂ ಇನ್ನೊಂದು. ಒಂದೇ ಕಾಲುವೆಯ ಹೊಗೆಗೆ ಎರಡು ಪಾಸ್‌ಪೋರ್ಟ್.

ಎಲ್ಲದಕ್ಕಿಂತ ದೊಡ್ಡ ಪ್ರಶ್ನೆ ಉಕ್ಕಿನದ್ದು. 2021ರಲ್ಲಿ ಆರ್ಸೆಲರ್ ಮಿತ್ತಲ್ ಗೆಂಟ್‌ನಲ್ಲಿ 110 ಕೋಟಿ ಯೂರೋ ಹೂಡುವ ಯೋಜನೆ ಹೇಳಿತು. ಕಲ್ಲಿದ್ದಲಿನ ಬದಲು ಮೊದಲು ಗ್ಯಾಸ್, ಆಮೇಲೆ ಹೈಡ್ರೋಜನ್ ಬಳಸಿ ಕಬ್ಬಿಣ ಮಾಡುವ 25 ಲಕ್ಷ ಟನ್ ಸಾಮರ್ಥ್ಯದ ಘಟಕ, ಜೊತೆಗೆ ಎರಡು ವಿದ್ಯುತ್ ಕುಲುಮೆ. ಅದೇ ವರ್ಷ ಹಳೆಯ ಊದು ಕುಲುಮೆಯೊಂದನ್ನು ದುರಸ್ತಿ ಮಾಡಿ ಮತ್ತೆ ಹೊತ್ತಿಸಿತು. 2022ರ ಕೊನೆಗೆ ಅಲ್ಲೇ ಇನ್ನೊಂದು ಘಟಕ ಉದ್ಘಾಟನೆಯಾಯಿತು, ಕುಲುಮೆಯ ಅನಿಲವನ್ನು ಸೂಕ್ಷ್ಮಜೀವಿಗಳಿಗೆ ಉಣಿಸಿ ಎಥನಾಲ್ ಮಾಡುವಂಥದ್ದು, ವರ್ಷಕ್ಕೆ 8 ಕೋಟಿ ಲೀಟರ್ ಸಾಮರ್ಥ್ಯ. ಕೆಲಸ ನಡೆಯುತ್ತಿದೆ ಅನ್ನುವ ಭರವಸೆ ಇತ್ತು. ಆದರೆ 2024ರ ನವೆಂಬರ್‌ನಲ್ಲಿ, ಎರಡು ರಾಜರು ಹೊಸ ಲಾಕ್ ತೆರೆದು ಒಂದೂವರೆ ತಿಂಗಳೊಳಗೆ, ಕಂಪನಿ ಯುರೋಪಿನಲ್ಲಿ ಇಂಥ ಕಬ್ಬಿಣ ಘಟಕಗಳ ಹೂಡಿಕೆ ನಿರ್ಧಾರವನ್ನು ಮುಂದೂಡುವುದಾಗಿ ಹೇಳಿತು. ಕಾರಣಗಳಲ್ಲಿ ಇಂಧನದ ಬೆಲೆ ಇತ್ತು, ಹಸಿರು ಹೈಡ್ರೋಜನ್ ನಿಧಾನವಾಗಿರುವುದು ಇತ್ತು, ಅಗ್ಗದ ಆಮದು ಉಕ್ಕು ಇತ್ತು, ಗಡಿಯಲ್ಲಿ ವಸೂಲು ಮಾಡುವ ಇಂಗಾಲದ ಸುಂಕ ಸಾಕಷ್ಟು ಗಟ್ಟಿ ಇಲ್ಲ ಅನ್ನುವ ದೂರೂ ಇತ್ತು.

ಆ ಸುಂಕ 2026ರ ಜನವರಿಯಿಂದ ಹಂತಹಂತವಾಗಿ ಜಾರಿಗೆ ಬರುತ್ತಿದೆ. ಯುರೋಪಿಗೆ ಬರುವ ಉಕ್ಕು, ಗೊಬ್ಬರ, ಸಿಮೆಂಟು, ಅಲ್ಯೂಮಿನಿಯಂ ಮಾಡುವಾಗ ಎಷ್ಟು ಇಂಗಾಲ ಹೊರಬಿತ್ತೋ ಅದಕ್ಕೆ ಅಲ್ಲಿ ಬೆಲೆ ಕಟ್ಟಬೇಕು. ಬಳ್ಳಾರಿ ಜಿಲ್ಲೆಯ ತೋರಣಗಲ್ಲಿನ ಉಕ್ಕು ಯುರೋಪಿಗೆ ಹೋದರೂ ಅದೇ ಲೆಕ್ಕ. ಹಾಗಾಗಿ ಗೆಂಟ್‌ನ ಕುಲುಮೆ ಯಾವಾಗ ಬದಲಾಗುತ್ತದೆ ಅನ್ನುವುದು ನಮಗೂ ಸಂಬಂಧಪಟ್ಟ ಪ್ರಶ್ನೆಯೇ.

ತೋರಣಗಲ್ಲಿನ ಹೆಸರು ಬಂದಿದ್ದಕ್ಕೆ ಇನ್ನೊಂದು ಮಾತು. ಅಲ್ಲಿನ ಕುಲುಮೆಗೆ ಬೇಕಾದ ಕಲ್ಲಿದ್ದಲಿನಲ್ಲಿ ಒಂದು ಪಾಲು ಇಳಿಯುವುದು ಗೋವಾದ ಮರ್ಮಗೋವಾ ಬಂದರಿನಲ್ಲಿ. ಧೂಳು ವಾಸ್ಕೋದವರಿಗೆ, ಕಾರ್ಖಾನೆ ನಮಗೆ. ಗೋವಾದ ಜನ ಮೊಲ್ಲೆಮ್ ಕಾಡಿನ ಜೋಡಿ ರೈಲು ಹಳಿಗೆ ಎದ್ದು ನಿಂತಾಗ, 2022ರ ಮೇ ತಿಂಗಳಲ್ಲಿ ಸುಪ್ರೀಂ ಕೋರ್ಟ್ ಆ ಹಳಿಗೆ ಸಿಕ್ಕಿದ್ದ ವನ್ಯಜೀವಿ ಮಂಡಳಿಯ ಅನುಮತಿ ರದ್ದು ಮಾಡಿದಾಗ, ನಮ್ಮಲ್ಲಿ ಎಷ್ಟೋ ಜನಕ್ಕೆ ಅದು ಬೇರೆಯವರ ಜಗಳದಂತೆ ಕಂಡಿತು. ಆ ಬಂದರಿನಲ್ಲಿ ಕರ್ನಾಟಕಕ್ಕೂ ಜವಾಬ್ದಾರಿ ಇದ್ದಿದ್ದರೆ ಮಾತುಕತೆಯೇ ಬೇರೆ ಆಗುತ್ತಿತ್ತು ಅಂತ ನನಗೆ ಅನ್ನಿಸುತ್ತದೆ. ನಾರ್ತ್ ಸೀ ಪೋರ್ಟ್‌ನ 50-50 ಪಾಲಿನ ಬೆಲೆ ಗೊತ್ತಾಗುವುದು ಇಲ್ಲೇ. ಎರಡು ಕಡೆಯ ಊರುಗಳೂ ಒಂದೇ ಮೇಜಿನ ಸುತ್ತ ಕೂರುತ್ತವೆ.

ಮೇಜಿನ ಸುತ್ತ ಎಲ್ಲರ ಕುರ್ಚಿ ಒಂದೇ ಎತ್ತರದಲ್ಲಿಲ್ಲ ಅನ್ನುವುದನ್ನೂ ಹೇಳಬೇಕು. ಉಕ್ಕಿನ ಕಾರ್ಖಾನೆಯ ಪಕ್ಕದಲ್ಲೇ ಬದುಕುವ ಝೆಲ್ಜಾಟೆಯ ಪಾಲು ಶೇ 1ಕ್ಕಿಂತ ಬಹಳ ಕಡಿಮೆ. ಅದೇ ಊರಿನ ಹತ್ತಿರ ಹಳೆಯ ಗೊಬ್ಬರ ಉದ್ಯಮ ಬಿಟ್ಟುಹೋದ ಜಿಪ್ಸಮ್ ಕಸದ ಗುಡ್ಡವೇ ಇದೆ, ಈಗ ಅದರ ಮೇಲೆ ಸೌರಫಲಕ ಹಾಸಿದ್ದಾರೆ. ಫ್ಲಿಸಿಂಗನ್ ಬಳಿ ಥರ್ಮ್‌ಫಾಸ್ ಅನ್ನುವ ರಂಜಕದ ಕಾರ್ಖಾನೆ 2012ರಲ್ಲಿ ದಿವಾಳಿಯಾಯಿತು. ವಿಷ ತುಂಬಿದ ಆ ಜಾಗ ಶುಚಿಮಾಡುವ ಹೊರೆ ಕೊನೆಗೆ ಬಿದ್ದಿದ್ದು ಸಾರ್ವಜನಿಕರ ದುಡ್ಡಿನ ಮೇಲೆ. ನಷ್ಟವಾದರೂ ಊರೇ ಹೊರಬೇಕು ಅಂತ ಮೊದಲೇ ಹೇಳಿದ್ದು ಇದಕ್ಕೇ. ಕುಲುಮೆ ತಣ್ಣಗಾದ ಮೇಲೆ ಕಂಪನಿ ಇನ್ನೊಂದು ದೇಶಕ್ಕೆ ಹೋಗಬಹುದು. ಮಣ್ಣು ಹೋಗುವುದಿಲ್ಲ.

ನನ್ನ ಪ್ರಕಾರ ಈಗ ಬೇಕಾಗಿರುವುದು ಲಾಕ್ ಕಟ್ಟಿದ ಅದೇ ರೀತಿ. ಅಂದರೆ ಎರಡೂ ಸರ್ಕಾರ ಸೇರಿ ಒಂದೇ ಯೋಜನೆ, ಒಂದೇ ಬಜೆಟ್ಟು, ಯಾರಿಗೆ ಲಾಭ ಜಾಸ್ತಿಯೋ ಅವರು ಜಾಸ್ತಿ ಕೊಡುವುದು, ನೆಲ ಯಾರದ್ದೇ ಆಗಿರಲಿ. ಗೆಂಟ್‌ನಿಂದ ಟರ್ನ್ಯೂಜನ್‌ಗೆ ಒಂದು ಹೈಡ್ರೋಜನ್ ಪೈಪು. ಬೋರ್ಸೆಲೆಯ ಕರೆಂಟು ದಕ್ಷಿಣ ದಡಕ್ಕೆ, ಆದರೆ ಅಲ್ಲಿಂದ ಗಡಿಯಾಚೆಗೂ. ಕಾಲುವೆಯ ಎರಡೂ ದಂಡೆಯ ರೈಲು ಹಳಿಗಳಲ್ಲಿ ಬಿಟ್ಟುಹೋಗಿರುವ ತುಂಡುಗಳನ್ನು ಜೋಡಿಸುವ ಕೆಲಸದ ಬಗ್ಗೆ ಮಾತುಕತೆ ಹಲವು ವರ್ಷಗಳಿಂದ ನಡೆದಿದೆ, ಯುರೋಪಿಯನ್ ಒಕ್ಕೂಟದ ನೆರವೂ ಇದೆ. ಅದು ಆಗುವುದಾದರೆ ಉಳಿದದ್ದೂ ಆಗಬೇಕು.

ಲಾಕ್‌ಗೆ ಒಪ್ಪಂದದಿಂದ ಉದ್ಘಾಟನೆವರೆಗೆ ಒಂಬತ್ತು ವರ್ಷ ಹಿಡಿಯಿತು. ಇವತ್ತು ಸಹಿ ಹಾಕಿದರೂ ಪೈಪಿಗೆ, ತಂತಿಗೆ ಅಷ್ಟೇ ಸಮಯ ಹಿಡಿದರೆ 2030ರ ದಶಕದ ಮಧ್ಯ ಬಂದಿರುತ್ತದೆ. ಅಲ್ಲಿಯವರೆಗೂ ಹೊಸ ಬಾಗಿಲಿನಿಂದ ಒಳಗೆ ಬರುವುದು ಅದೇ ಅದಿರು, ಅದೇ ಕಲ್ಲಿದ್ದಲು. ಹೋಗುವುದೂ ಅದೇ ಹಳೆಯ ಕುಲುಮೆಗೆ.